ಬೆಳೆಯೋ ಹುಡುಗ, ಒಂದು ಸೈಜು ದೊಡ್ಡದೇ ಇರಲಿ

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. "ಗುರೂ, ಈ ಸಲ ಚಳಿಗಾಲಕ್ಕೆ ಸ್ನೋಬೋರ್ಡ್ ತಗೊಳ್ಳೋಣ ಅಂತಿದೀನಿ. ನಂಗೆ ಎಷ್ಟು ಉದ್ದದ್ದು ಬೇಕಾಗುತ್ತೆ?" ಅಂತ ಕೇಳಿದ. ಎರಡು ನಿಮಿಷದಲ್ಲಿ ಮುಗಿಯಬೇಕಾದ ಮಾತು. ನಾನು ಮುಕ್ಕಾಲು ಗಂಟೆ ಕೊರೆದೆ. ಕೊನೆಗೆ ಪಾಪ ಅವನೇ "ಸರಿ ಬಿಡಪ್ಪಾ, ಬಾಡಿಗೆಗೇ ತಗೋತೀನಿ" ಅಂತ ಫೋನ್ ಇಟ್ಟ. ಅವನಿಗೆ ಹೇಳಿದ್ದು, ಹೇಳದೆ ಉಳಿದಿದ್ದು ಎಲ್ಲವನ್ನೂ ಇಲ್ಲಿ ಬರೆದುಬಿಡೋಣ ಅಂತ ಕೂತಿದ್ದೀನಿ.

ನಮ್ಮ ಮನೆ ಬಾಲ್ಕನಿಯ ಮೂಲೆಯಲ್ಲಿ ಒಂದು ಹಲಗೆ ನಿಂತಿದೆ. ಕಪ್ಪು ಬಣ್ಣ, ಅಂಚಿನ ಉಕ್ಕಿಗೆ ಅಲ್ಲಲ್ಲಿ ತುಕ್ಕು, ತಳದಲ್ಲಿ ಎದ್ದು ಕಾಣೋ ಹಾಗೆ 163 ಅನ್ನೋ ಅಂಕಿ. ಅದು ಸ್ನೋಬೋರ್ಡಿನ ಉದ್ದ, ಸೆಂಟಿಮೀಟರಿನಲ್ಲಿ. ನನ್ನ ಉದ್ದ 168. ಆಗ ನನ್ನ ತೂಕ 61 ಕೆಜಿ. ಈ ಮೂರು ಅಂಕಿಗಳನ್ನ ಒಟ್ಟಿಗೆ ನೋಡಿದ ಯಾವ ಸ್ನೋಬೋರ್ಡ್ ಅಂಗಡಿಯವನಾದರೂ ತಲೆ ಚಚ್ಚಿಕೊಳ್ಳುತ್ತಾನೆ. ಆದರೆ ನಾನು ಅದನ್ನ ಅಂಗಡಿಯಲ್ಲಿ ತಗೊಂಡಿರಲಿಲ್ಲ.

ಅದಕ್ಕೂ ಮೊದಲು ಸ್ವಲ್ಪ ಹಿಂದೆ ಹೋಗಬೇಕು. ಅರಸೀಕೆರೆಗೆ.

ನನ್ನ ವಾರಿಗೆಯ ಬಹಳಷ್ಟು ಜನರ ಹಾಗೆ, ಹತ್ತನೇ ಕ್ಲಾಸಿನವರೆಗೆ ನನ್ನ ಅಳತೆಗೆ ಸರಿಯಾದ ಒಂದೇ ಒಂದು ವಸ್ತುವನ್ನೂ ನಾನು ಹಾಕಿಕೊಂಡಿರಲಿಲ್ಲ. ಜೂನ್ ತಿಂಗಳಲ್ಲಿ ಯೂನಿಫಾರ್ಮ್ ಹೊಲಿಸುವಾಗ ಟೈಲರ್ ಟೇಪು ಹಿಡಿದು ಒಂದು ಅಂಕಿ ಹೇಳುತ್ತಿದ್ದರು, ಅಮ್ಮ ಪಕ್ಕದಿಂದ ಇನ್ನೊಂದು ಅಂಕಿ ಹೇಳುತ್ತಿದ್ದಳು. "ಎರಡಿಂಚು ಒಳಗೆ ಮಡಚಿ ಬಿಡಿ, ಬೆಳೆಯೋ ಹುಡುಗ." ಆ ಮಡಿಕೆಯನ್ನ ಪ್ರತಿ ವರ್ಷ ಬಿಚ್ಚುತ್ತಿದ್ದರು, ಹಳೇ ಮಡಿಕೆಯ ಗೆರೆ ಮಾತ್ರ ಪ್ಯಾಂಟಿನ ಕೆಳಗೆ ಮರದ ವಯಸ್ಸಿನ ಉಂಗುರದ ಹಾಗೆ ಕಾಣುತ್ತಿತ್ತು. ಶೂ ತಗೊಂಡರೆ ತುದಿಗೆ ಪೇಪರ್ ಉಂಡೆ. ಸ್ವೆಟರ್ ಮೊಣಕಾಲಿಗೆ ಸ್ವಲ್ಪ ಮೇಲೆ. ಸೈಕಲ್ ಕಲಿತಿದ್ದು ಅಪ್ಪನ ದೊಡ್ಡ ಸೈಕಲ್ಲಿನಲ್ಲೇ, ಬಾರಿನ ಕೆಳಗೆ ಕಾಲು ತೂರಿಸಿ, ಸೊಂಟ ಒಂದು ಕಡೆಗೆ ಸೊಟ್ಟ ಮಾಡಿಕೊಂಡು. ದೊಡ್ಡದನ್ನ ತಗೊಂಡು ಅದಕ್ಕೆ ತಕ್ಕ ಹಾಗೆ ನಾವು ಬೆಳೆಯಬೇಕು, ಅಷ್ಟೇ. ಬೇರೆ ದಾರಿ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ಈಗ ಸಿಯಾಟಲ್ ಕಡೆಗೆ ಬರೋಣ. ಇಲ್ಲಿಗೆ ಕೆಲಸಕ್ಕೆ ಬಂದು ಮೊದಲ ಚಳಿಗಾಲ. ನವೆಂಬರಿನಿಂದ ಮಾರ್ಚಿನವರೆಗೆ ಜಿಟಿಜಿಟಿ ಮಳೆ, ಮಧ್ಯಾಹ್ನ ನಾಲ್ಕೂವರೆಗೆ ಕತ್ತಲು. ಸೋಮವಾರ ಆಫೀಸಿನಲ್ಲಿ ಎಲ್ಲರೂ ಮಾತಾಡೋದು ಒಂದೇ: ಬೆಟ್ಟದಲ್ಲಿ ಎಷ್ಟು ಹಿಮ ಬಿತ್ತು. ಊರಿಂದ ಐ-90 ಹೆದ್ದಾರಿ ಹಿಡಿದು ಪೂರ್ವಕ್ಕೆ ಸುಮಾರು 85 ಕಿಲೋಮೀಟರ್ ಹೋದರೆ ಸ್ನೋಕ್ವಾಲ್ಮಿ ಪಾಸ್. ಘಟ್ಟ ಹತ್ತಿದ ಹಾಗೆ ಮಳೆ ಹೋಗಿ ಹಿಮ ಆಗುತ್ತೆ. ಎತ್ತರ ಸುಮಾರು 900 ಮೀಟರ್ ಅಷ್ಟೇ, ಅಂದರೆ ಹೆಚ್ಚುಕಮ್ಮಿ ನಮ್ಮ ಸಕಲೇಶಪುರದಷ್ಟು. ಅದಕ್ಕೇ ಅಲ್ಲಿನ ಹಿಮ ಒದ್ದೆ, ಭಾರ. ಇಲ್ಲಿನವರು ಅದಕ್ಕೆ ಪ್ರೀತಿಯಿಂದ 'ಕ್ಯಾಸ್ಕೇಡ್ ಕಾಂಕ್ರೀಟ್' ಅಂತ ಹೆಸರಿಟ್ಟಿದ್ದಾರೆ. ಅದನ್ನ ಕೇಳಿ ನಕ್ಕಿದ್ದೆ. ಕಾಂಕ್ರೀಟ್ ಯಾಕೆ ಅಂತ ಆಮೇಲೆ ಗೊತ್ತಾಯಿತು.

ಎರಡು ಸಲ ಬಾಡಿಗೆ ಬೋರ್ಡಿನಲ್ಲಿ ಮಕ್ಕಳ ಇಳಿಜಾರಿನಲ್ಲಿ ಬಿದ್ದು ಎದ್ದು ಬಂದಿದ್ದೆ. ಬಾಡಿಗೆ ಫಾರಂನಲ್ಲಿ ಎತ್ತರ, ತೂಕ, ಶೂ ಸೈಜು, ಯಾವ ಕಾಲು ಮುಂದೆ, ಎಷ್ಟು ಬರುತ್ತೆ ಅಂತೆಲ್ಲ ಕೇಳುತ್ತಾರೆ. ಮೊದಲನೇ ಸಲ 'ಹೊಸಬ' ಅಂತ ಗುರುತು ಹಾಕಿದ್ದೆ. ಎರಡನೇ ಸಲ, ಹಿಂದೆ ಟೀಮಿನವರೆಲ್ಲ ನಿಂತಿದ್ದರು ನೋಡಿ, 'ಮಧ್ಯಮ' ಅಂತ ಹಾಕಿದೆ. ತೂಕವನ್ನೂ ಐದು ಕೆಜಿ ಹೆಚ್ಚಿಗೆ ಬರೆದೆ. ಹತ್ತನೇ ಕ್ಲಾಸಿನಿಂದ ನನ್ನನ್ನ 'ಕಡ್ಡಿ' ಅಂತ ಕರೆದವರೆಲ್ಲರ ಮೇಲಿನ ಸಿಟ್ಟು ಆ ಫಾರಂ ಮೇಲೆ ತೀರಿಸಿಕೊಂಡೆ ಅನ್ಸುತ್ತೆ.

2022ರ ಡಿಸೆಂಬರಿನಲ್ಲಿ ಒಬ್ಬರು ಊರು ಬಿಡುತ್ತಿದ್ದವರು ತಮ್ಮ ಹಳೇ ಬೋರ್ಡನ್ನ ಮಾರುತ್ತಿದ್ದರು. ಬೈಂಡಿಂಗ್ ಸಮೇತ 120 ಡಾಲರ್. ಹೊಸದಕ್ಕೆ ಅದರ ನಾಲ್ಕೈದು ಪಟ್ಟು. ಹೋಗಿ ನೋಡಿದರೆ ಆಸಾಮಿ ಆರಡಿ ಮೂರಿಂಚು, ಬಾಗಿಲು ತುಂಬಾ ಇದ್ದರು. ಬೋರ್ಡನ್ನ ನೆಟ್ಟಗೆ ನಿಲ್ಲಿಸಿ ನನ್ನ ಪಕ್ಕ ಹಿಡಿದರು. ಗಲ್ಲದಿಂದ ಮೂಗಿನ ನಡುವೆ ಬರಬೇಕು ಅನ್ನೋದು ಹಳೇ ಲೆಕ್ಕ, ಅದು ನನಗೂ ಗೊತ್ತಿತ್ತು. ಇದು ಹಣೆಗೆ ಬಂತು. ಅವರು ಒಂದು ಕ್ಷಣ ಸುಮ್ಮನಿದ್ದು, "ಸ್ವಲ್ಪ ಉದ್ದ ಇದೆ. ಆದರೆ ಪರವಾಗಿಲ್ಲ, ಕಲಿತಾ ಕಲಿತಾ ಇದಕ್ಕೆ ತಕ್ಕ ಹಾಗೆ ಬೆಳೀತೀರಿ" ಅಂದರು.

ಆಹಾ! ಸಾವಿರಾರು ಮೈಲಿ ಆಚೆ, ಬೇರೆ ಭಾಷೆಯಲ್ಲಿ, ನಮ್ಮಮ್ಮನ ಮಾತು! ಜೇಬಿನಿಂದ ದುಡ್ಡು ತೆಗೆದು ಕೊಟ್ಟೇ ಬಿಟ್ಟೆ.

*

2023ರ ಜನವರಿ, ಮಾರ್ಟಿನ್ ಲೂಥರ್ ಕಿಂಗ್ ರಜೆಯ ವಾರಾಂತ್ಯದ ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ಲಿಫ್ಟ್ ಹತ್ತಿದೆ. ಹನ್ನೊಂದೂಕಾಲಿಗೆ ಕೈ ಮುರಿದುಕೊಂಡೆ.

ನಡುವಿನ ಎರಡು ಗಂಟೆ ಏನಾಯಿತು ಅಂತ ಹೇಳಬೇಕಾದರೆ ಈ ಹಲಗೆ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳಬೇಕು. ಸ್ನೋಬೋರ್ಡನ್ನ ತಿರುಗಿಸೋದು ಸ್ಟೀರಿಂಗ್ ಹಿಡಿದು ಅಲ್ಲ. ಅದರ ಎರಡೂ ಪಕ್ಕ ಉಕ್ಕಿನ ಅಂಚು ಇರುತ್ತೆ. ಕಾಲ್ಬೆರಳ ಕಡೆಗೆ ವಾಲಿದರೆ ಒಂದು ಅಂಚು ಹಿಮಕ್ಕೆ ಕಚ್ಚುತ್ತೆ, ಹಿಮ್ಮಡಿ ಕಡೆಗೆ ವಾಲಿದರೆ ಇನ್ನೊಂದು. ಮೇಲಿನಿಂದ ನೋಡಿದರೆ ಬೋರ್ಡು ನೇರ ಪಟ್ಟಿ ಅಲ್ಲ, ನಡುವೆ ಸೊಂಟ ಸಣ್ಣಗಿರುತ್ತೆ. ವಾಲಿಸಿ ತೂಕ ಬಿಟ್ಟಾಗ ಹಲಗೆ ಬಿಲ್ಲಿನ ಹಾಗೆ ಬಾಗಿ, ಆ ಸೊಂಟದ ಕಮಾನು ಹಿಮದ ಮೇಲೆ ಒಂದು ವೃತ್ತದ ತುಂಡು ಬರೆಯುತ್ತೆ. ಅದೇ ತಿರುವು. ಅಂದರೆ ಹಲಗೆ ಬಾಗಬೇಕು, ಅದನ್ನ ಬಾಗಿಸೋದು ನಿಮ್ಮ ತೂಕ.

80 ಕೆಜಿ ಮೇಲಿನವರಿಗೆ ಅಂತ ಮಾಡಿದ ಹಲಗೆಯ ಮೇಲೆ 61 ಕೆಜಿಯ ನಾನು ನಿಂತರೆ ಅದಕ್ಕೆ ನಾನಿದ್ದೀನಿ ಅಂತಲೇ ಗೊತ್ತಾಗುವುದಿಲ್ಲ. ನಾನು ವಾಲುತ್ತೀನಿ, ಅದು ನೇರ ಹೋಗುತ್ತೆ. ಕೋಣನ ಮುಂದೆ ಕಿನ್ನರಿ. ಇನ್ನೂ ಒಂದು ವಿಷಯ ಇತ್ತು. ಆ ಮನುಷ್ಯರ ಪಾದ ದೊಡ್ಡದು, ಆದ್ದರಿಂದ ಅವರು ತಗೊಂಡಿದ್ದು ಅಗಲದ ಬೋರ್ಡು, ಸೊಂಟವೇ 26 ಸೆಂ.ಮೀ. ಮೇಲೆ. ನನ್ನ ಪಾದ 26.5 ಸೆಂ.ಮೀ. ಬೈಂಡಿಂಗ್‌ನಲ್ಲಿ ಪಾದ ಸ್ವಲ್ಪ ಓರೆಯಾಗಿರುತ್ತಲ್ಲ, ಹಾಗಾಗಿ ಬೆರಳು ಅಂಚಿನವರೆಗೂ ಹೋಗುತ್ತಲೇ ಇರಲಿಲ್ಲ. ಬಾಗಿಲನ್ನ ಹಿಡಿಯ ಕಡೆ ತಳ್ಳೋದು ಬಿಟ್ಟು ಕೀಲಿನ ಹತ್ತಿರ ತಳ್ಳಿದ ಹಾಗೆ.

ಹನ್ನೊಂದೂಕಾಲಿಗೆ ಏನಾಯಿತು ಅಂದರೆ, ನಾನು ಬೆಟ್ಟದ ಕಡೆ ಮುಖ ಮಾಡಿ, ಕಾಲ್ಬೆರಳ ಅಂಚಿನ ಮೇಲೆ ನಿಧಾನ ಜಾರುತ್ತಾ ಇಳಿಯುತ್ತಿದ್ದೆ. ಕಾಲು ಸೋತು ಬೋರ್ಡು ಒಂದು ಕ್ಷಣ ಚಪ್ಪಟೆ ಆಯಿತು. ಆಗ ಕೆಳಗಿನ ಕಡೆಯ ಅಂಚು, ಅಂದರೆ ಹಿಮ್ಮಡಿಯ ಅಂಚು, ಹಿಮಕ್ಕೆ ಕಚ್ಚಿಕೊಂಡಿತು. ಕಾಲು ಅಲ್ಲೇ ನಿಂತಿತು, ಮೈ ನಿಲ್ಲಲಿಲ್ಲ. ಯಾರೋ ಕಾಲ ಕೆಳಗಿನ ಕಂಬಳಿ ಎಳೆದ ಹಾಗೆ ಹಿಂದಕ್ಕೆ ಧಡ್ ಅಂತ ಬಿದ್ದೆ. ಬೀಳುವಾಗ ಬಲಗೈ ಅಂಗೈ ಬಿಚ್ಚಿ ಹಿಂದಕ್ಕೆ ಊರಿದೆ. ಇಲ್ಲಿ ಹೊಸದಾಗಿ ಕಲಿಯುವವರು ಅತಿ ಹೆಚ್ಚು ಮಾಡಿಕೊಳ್ಳೋ ಗಾಯ ಇದೇ, ಮಣಿಕಟ್ಟು. ಮುಷ್ಟಿ ಕಟ್ಟಿ ಮುಂಗೈ ಮೇಲೆ ಬೀಳಬೇಕು, ಮಣಿಕಟ್ಟಿಗೆ ಗಾರ್ಡ್ ಹಾಕಬೇಕು ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದರು. ಆದರೆ ಇಪ್ಪತ್ತಾರು ವರ್ಷದಿಂದ ಬಿದ್ದಾಗಲೆಲ್ಲ ಅಂಗೈ ಊರಿ ಬೆಳೆದ ಕೈ ಅದು, ಕೇಳುತ್ತಾ?

ಸರಿಯಾದ ಅಳತೆಯ ಬೋರ್ಡ್ ಇದ್ದಿದ್ದರೆ ಬೀಳುತ್ತಿರಲಿಲ್ಲವಾ? ಬೀಳುತ್ತಿದ್ದೆ. ಎಲ್ಲರೂ ಬೀಳುತ್ತಾರೆ. ಆದರೆ ಎರಡು ಗಂಟೆ ಆ ಹಲಗೆಯ ಜತೆ ಕುಸ್ತಿ ಮಾಡಿ ತೊಡೆ ನಡುಗುತ್ತಿತ್ತು. ಗಂಟೆ ಹತ್ತಕ್ಕೇ ನಿಲ್ಲಿಸಬೇಕಿತ್ತು. 120 ಡಾಲರ್ ಕೊಟ್ಟಿದ್ದೆನಲ್ಲ, ನಿಲ್ಲಿಸಲಿಲ್ಲ.

ಸ್ಕೀ ಪಟ್ರೋಲಿನವರು ನನ್ನನ್ನ ಸ್ಲೆಡ್ಡಿನಲ್ಲಿ ಮಲಗಿಸಿ ಕಟ್ಟಿ ಇಳಿಸಿದರು. ಆ ದಿನ ನಾನು ಬೀಳದೆ ಪೂರ್ತಿ ಇಳಿದಿದ್ದು ಅದೊಂದೇ ಸಲ.

*

ಎಕ್ಸ್‌ರೇಯಲ್ಲಿ ರೇಡಿಯಸ್ ಮೂಳೆಯ ತುದಿಯಲ್ಲಿ ಬಿರುಕು. ಆರು ವಾರ ಕಾಸ್ಟ್ ಅಂದರು. ಇನ್ಶೂರೆನ್ಸ್ ಕಳೆದು ನನ್ನ ಪಾಲಿಗೆ ಬಂದ ಬಿಲ್ಲಿನಲ್ಲಿ ಅಂಥ ಬೋರ್ಡು ಹತ್ತು ತಗೋಬಹುದಿತ್ತು. ಅದೆಲ್ಲ ಹೋಗಲಿ. ಡಾಕ್ಟರು 'ಆರು ವಾರ' ಅಂದ ತಕ್ಷಣ ನಾನು ಮನಸ್ಸಿನಲ್ಲೇ ಕ್ಯಾಲೆಂಡರ್ ಎಣಿಸಿದೆ. ಮೂವತ್ತೆರಡನೇ ದಿನಕ್ಕೆ ತಂಗಿಯ ಮದುವೆ.

ಮನೆಯಲ್ಲಿ ಹೇಳಲಿಲ್ಲ. ವಿಡಿಯೋ ಕಾಲಿನಲ್ಲಿ ಬಲಗೈ ಟೇಬಲ್ ಕೆಳಗೆ. "ಯಾಕೋ ಎಡಗೈಯಲ್ಲಿ ಊಟ ಮಾಡ್ತಿದೀಯ?" ಅಂತ ಅಮ್ಮ ಒಂದು ಸಲ ಕೇಳಿದಳು. "ಸ್ಪೂನಲ್ಲಿ ಕಣಮ್ಮ, ಇಲ್ಲಿ ಎಲ್ರೂ ಹಿಂಗೇ" ಅಂದೆ. ತಂಗಿಗೆ ಮಾತ್ರ ಹೇಳಿದ್ದೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ಅಣ್ಣಾ, ಅರಳು ಹಾಕೋಕೆ ಆಗುತ್ತಾ?" ಅಂದಳು.

ನಮ್ಮಲ್ಲಿ ಮದುವೆಯ ಲಾಜಾಹೋಮದಲ್ಲಿ ಹುಡುಗಿಯ ಬೊಗಸೆಗೆ ಅರಳು ತುಂಬೋದು ಅಣ್ಣನ ಕೆಲಸ. ಮೂರು ಸಲ. ಇಡೀ ಮದುವೆಯಲ್ಲಿ ಅಣ್ಣ ಅನ್ನಿಸಿಕೊಂಡವನಿಗೆ ಓಡಾಟ ಬಿಟ್ಟು ಬೇರೆ ಇರೋದು ಅದೊಂದೇ. ಅವಳು ಕೇಳಿದ್ದು ಅದೊಂದೇ ಪ್ರಶ್ನೆ, ಮತ್ತೆ ಆ ವಿಷಯ ಎತ್ತಲಿಲ್ಲ.

ಒಂದೇ ಕೈಯಲ್ಲಿ ಕೋಡ್ ಬರೆಯಲು ಆಗದೆ, ನಿದ್ದೆಯೂ ಬಾರದೆ, ಆ ಒಂದು ತಿಂಗಳು ರಾತ್ರಿ ಹೊತ್ತು ನಾನು ಮಾಡಿದ ಕೆಲಸ ಅಂದರೆ ಬೋರ್ಡಿನ ಉದ್ದದ ಬಗ್ಗೆ ಓದಿದ್ದು. ಕೈ ಮುರಿದ ಮೇಲೆ ಅಳತೆ ಕಲಿತೆ! ಆದರೂ ಕಲಿತಿದ್ದನ್ನ ಹೇಳ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬರಲಿ.

ಮೊದಲನೆಯದು, ಗಲ್ಲ-ಮೂಗಿನ ಲೆಕ್ಕ ಕಣ್ಣಂದಾಜು ಅಷ್ಟೇ. ಬೋರ್ಡಿಗೆ ನಿಮ್ಮ ಮೂಗು ಎಲ್ಲಿದೆ ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಾಗೋದು ತೂಕ ಒಂದೇ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬ 60 ಕೆಜಿ, ಇನ್ನೊಬ್ಬ 85 ಕೆಜಿ ಇದ್ದರೆ ಇಬ್ಬರಿಗೂ ಬೇಕಾಗೋದು ಬೇರೆ ಬೇರೆ ಬೋರ್ಡು. ತಯಾರಕರು ಪ್ರತಿ ಉದ್ದಕ್ಕೂ ತೂಕದ ಪಟ್ಟಿ ಕೊಟ್ಟಿರುತ್ತಾರೆ, ಮೊದಲು ಅದನ್ನ ನೋಡಬೇಕು.

ಎರಡನೆಯದು, ತಳದಲ್ಲಿ ಬರೆದ ಉದ್ದ ಪೂರ್ತಿ ಹಿಮಕ್ಕೆ ತಾಗೋದಿಲ್ಲ. ಮೂತಿ, ಬಾಲ ಎರಡೂ ಮೇಲಕ್ಕೆ ಬಾಗಿರುತ್ತವೆ. ವಾಲಿಸಿದಾಗ ಹಿಮವನ್ನ ನಿಜವಾಗಿ ಕಚ್ಚೋ ಅಂಚು, 150ರ ಬೋರ್ಡಿನಲ್ಲಿ ಸುಮಾರು 115-120 ಸೆಂ.ಮೀ. ಇರಬಹುದು. ಇದು ಹೆಚ್ಚಿದ್ದರೆ ವೇಗದಲ್ಲಿ ಗಟ್ಟಿ ಹಿಡಿತ, ಅಲುಗಾಟ ಕಮ್ಮಿ. ಕಮ್ಮಿ ಇದ್ದರೆ ಸುಲಭವಾಗಿ ತಿರುಗುತ್ತೆ, ತಪ್ಪು ಮಾಡಿದರೆ ಬೇಗ ಕ್ಷಮಿಸುತ್ತೆ. ಹೊಸಬರಿಗೆ ಬೇಕಾಗಿರೋದು ಕ್ಷಮೆ. ಅದಕ್ಕೇ ತಮ್ಮ ತೂಕಕ್ಕೆ ಹೇಳಿದ ಅಳತೆಗಳಲ್ಲಿ ಚಿಕ್ಕದರ ಕಡೆಗೆ ಹೋಗಬೇಕು.

ಮೂರನೆಯದು ನನ್ನ ಇಂಜಿನಿಯರಿಂಗ್ ತಲೆಗೆ ತುಂಬಾ ಹಿಡಿಸಿದ್ದು. 151ಕ್ಕೂ 163ಕ್ಕೂ ಇರೋದು 12 ಸೆಂ.ಮೀ., ನೂರಕ್ಕೆ ಎಂಟು. ಅಷ್ಟೇ ತಾನೇ ಅಂದುಕೊಂಡಿದ್ದೆ. ಆದರೆ ಒಂದು ಪಟ್ಟಿಯನ್ನ ನಡುವೆ ಹಿಡಿದು ಗರಗರ ತಿರುಗಿಸಲು ಅದು ಒಡ್ಡೋ ಜಡತೆ ಉದ್ದದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಉದ್ದ ಹೆಚ್ಚಿದಂತೆ ಹಲಗೆಯ ತೂಕವೂ ಏರುವುದರಿಂದ ಹೆಚ್ಚುಕಮ್ಮಿ ಘನಕ್ಕೆ ತಕ್ಕ ಹಾಗೆ. ಲೆಕ್ಕ ಹಾಕಿ ನೋಡಿ, ನೂರಕ್ಕೆ 25ರಷ್ಟು ಹೆಚ್ಚು. ಅಗಲ ಬೇರೆ ಹೆಚ್ಚಿದ್ದರಿಂದ ಇನ್ನೂ ಮೇಲೆ. ಪಿಯುಸಿಯಲ್ಲಿ ಉರು ಹೊಡೆದ ಮೊಮೆಂಟ್ ಆಫ್ ಇನರ್ಶಿಯಾ ಹೀಗೆ ಮಣಿಕಟ್ಟಿಗೆ ಬಂದು ಅರ್ಥ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು?

ನಾಲ್ಕನೆಯದು ಅಗಲ. ಬೂಟಿನ ತುದಿ, ಹಿಮ್ಮಡಿ ಎರಡೂ ಅಂಚಿನಿಂದ ಒಂದಿಷ್ಟು ಆಚೆ ಬರಬೇಕು, ಆದರೆ ವಾಲಿದಾಗ ಹಿಮಕ್ಕೆ ತಾಗುವಷ್ಟು ಅಲ್ಲ. ಪಾದ ದೊಡ್ಡದಿದ್ದು ಬೋರ್ಡ್ ಸಣ್ಣಗಿದ್ದರೆ ಬೂಟು ಹಿಮಕ್ಕೆ ಉಜ್ಜಿ ಬೀಳಿಸುತ್ತೆ. ಪಾದ ಚಿಕ್ಕದಿದ್ದು ಬೋರ್ಡ್ ಅಗಲ ಇದ್ದರೆ ನನ್ನ ಕಥೆ. ಅಮೆರಿಕದ ಗಂಡಸರ ಸೈಜು 11ರ ಆಸುಪಾಸಿನಿಂದ ಮೇಲಿನವರಿಗೆ ಅಗಲದ್ದು ಬೇಕಾಗುತ್ತೆ. ಹೆಂಗಸರ ಬೋರ್ಡುಗಳ ಸೊಂಟ ಸಣ್ಣಗಿರೋದು ಇದಕ್ಕೇ, ಬಣ್ಣ ಮಾತ್ರ ಬೇರೆ ಅಂದುಕೊಳ್ಳಬೇಡಿ.

ಐದನೆಯದು, ಎಲ್ಲಿ ಆಡ್ತೀರಿ ಅನ್ನೋದು. ಹೊಸದಾಗಿ ಬಿದ್ದ ಆಳದ ಪುಡಿಹಿಮದಲ್ಲಿ ತೇಲಬೇಕಾದರೆ ತಳದ ವಿಸ್ತಾರ ಹೆಚ್ಚಿರಬೇಕು, ಅಲ್ಲಿ ಉದ್ದ ಒಳ್ಳೇದು. ನೆಗೆದು ಗಿರಕಿ ಹೊಡೆಯುವವರಿಗೆ ಗಿಡ್ಡದು. ಉದ್ದ ಕಮ್ಮಿ ಮಾಡಿ ಅಗಲ ಹೆಚ್ಚಿಸಿದ ಕುಳ್ಳ-ದಪ್ಪ ಬೋರ್ಡುಗಳೂ ಇವೆ, ಅವನ್ನ ಮಾಮೂಲಿಗಿಂತ ಕೆಲವು ಸೆಂಟಿಮೀಟರ್ ಕಮ್ಮಿಯೇ ತಗೋಬೇಕು. ಅಂದರೆ 'ಸರಿಯಾದ ಉದ್ದ' ಅನ್ನೋದು ಒಂದೇ ಅಂಕಿ ಅಲ್ಲ, ನಿಮ್ಮ ತೂಕ, ಪಾದ, ಜಾಗ, ನಿಮಗೆ ನಿಜವಾಗಿ ಎಷ್ಟು ಬರುತ್ತೆ ಅನ್ನೋದು, ಇಷ್ಟೂ ಸೇರಿದ ಲೆಕ್ಕ. ಇದರಲ್ಲಿ ಕೊನೆಯದನ್ನ ಮಾತ್ರ ಯಾವ ಟೇಪೂ ಅಳೆಯೋದಿಲ್ಲ.

ಓದುತ್ತಾ ಹೋದಾಗ ಇದರ ಹುಟ್ಟಿನ ಕಥೆಯೂ ಸಿಕ್ಕಿತು. 1965ರ ಕ್ರಿಸ್ಮಸ್ ದಿನ ಅಮೆರಿಕದ ಮಿಶಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ ಶರ್ಮನ್ ಪಾಪ್ಪೆನ್ ಅನ್ನೋ ಇಂಜಿನಿಯರ್ ಒಬ್ಬರು ತಮ್ಮ ಹೆಣ್ಣುಮಕ್ಕಳಿಗೆ ಹೊತ್ತು ಹೋಗಲಿ ಅಂತ ಎರಡು ಸ್ಕೀ ಪಟ್ಟಿಗಳನ್ನ ಪಕ್ಕಪಕ್ಕ ಜೋಡಿಸಿ ಕೊಟ್ಟರಂತೆ. ಸ್ನೋ, ಸರ್ಫ್ ಎರಡೂ ಸೇರಿಸಿ 'ಸ್ನರ್ಫರ್' ಅಂತ ಹೆಸರಿಟ್ಟಿದ್ದು ಅವರ ಹೆಂಡತಿ. ಜೇಕ್ ಬರ್ಟನ್ ಕಾರ್ಪೆಂಟರ್ 1977ರಲ್ಲಿ ವರ್ಮಾಂಟಿನಲ್ಲಿ ಕಂಪನಿ ಶುರು ಮಾಡಿದರು. 1998ರಲ್ಲಿ ಜಪಾನಿನ ನಾಗಾನೋದಲ್ಲಿ ಒಲಿಂಪಿಕ್ಸಿಗೂ ಬಂತು. ಇಷ್ಟೆಲ್ಲ ಆದರೂ ಅಮೆರಿಕದಲ್ಲಿ ಇವತ್ತಿಗೂ ಆಲ್ಟಾ, ಡೀರ್ ವ್ಯಾಲಿ, ಮ್ಯಾಡ್ ರಿವರ್ ಗ್ಲೆನ್ ಎಂಬ ಮೂರು ಬೆಟ್ಟಗಳಲ್ಲಿ ಸ್ಕೀ ಮಾತ್ರ, ಸ್ನೋಬೋರ್ಡಿಗೆ ಪ್ರವೇಶ ಇಲ್ಲ. ನನಗೆ ಹಿಡಿಸಿದ್ದು ಆ ಅಪ್ಪನ ಕಥೆ. ಮನೆಯಲ್ಲಿದ್ದಿದ್ದನ್ನ ಜೋಡಿಸಿ ಮಕ್ಕಳಿಗೆ ಕೊಟ್ಟಿದ್ದು.

*

ಫೆಬ್ರವರಿಯಲ್ಲಿ ಊರಿಗೆ ಹೋದೆ. ನೀಲಿ ಕಾಸ್ಟ್ ಮೇಲೆ ಸ್ವೆಟರಿನ ತೋಳು ಎಳೆದುಕೊಂಡು ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದರೆ, ಬ್ಯಾಗ್ ತಗೊಳ್ಳಲು ಬಂದ ಅಪ್ಪ ಮೊದಲು ನೋಡಿದ್ದೇ ಅದನ್ನ. ಏನೂ ಕೇಳಲಿಲ್ಲ. ಬ್ಯಾಗನ್ನ ಎಡಗೈಯಿಂದ ಬಿಡಿಸಿಕೊಂಡು ಮುಂದೆ ನಡೆದರು. ಅಮ್ಮ ಮಾತ್ರ ಎರಡು ದಿನ ಮಾತು ಬಿಟ್ಟಳು. ಮುರಿದಿದ್ದಕ್ಕಲ್ಲ, ಹೇಳದೇ ಇದ್ದಿದ್ದಕ್ಕೆ.

ಮದುವೆ ದಿನ ಬೆಳಗಿನ ಜಾವ ಒಂದೇ ಕೈಯಲ್ಲಿ ಪಂಚೆ ಉಡಲು ಒದ್ದಾಡುತ್ತಿದ್ದೆ. ಅಪ್ಪ ಬಂದು, ಚಿಕ್ಕ ಹುಡುಗನಿಗೆ ಉಡಿಸೋ ಹಾಗೆ ನನ್ನನ್ನ ಆ ಕಡೆ ಈ ಕಡೆ ತಿರುಗಿಸಿ ಉಡಿಸಿದರು. ನೆರಿಗೆ ಸಿಕ್ಕಿಸುವಾಗ "ಹಲಗೆ ಉದ್ದ ಆಯ್ತಂತೆ?" ಅಂದರು. ತಂಗಿ ಹೇಳಿದ್ದಳು ಅಂತ ಕಾಣುತ್ತೆ. "ಹೂಂ" ಅಂದೆ. "ತಗೊಳ್ಳೋವಾಗ ಗೊತ್ತಿತ್ತಾ?" ಅಂದರು. "ಗೊತ್ತಿತ್ತು." ಮತ್ತೇನೂ ಹೇಳಲಿಲ್ಲ, ಪಂಚೆಯ ಅಂಚು ನೆಲಕ್ಕೆ ತಾಗುತ್ತಾ ಅಂತ ಬಗ್ಗಿ ನೋಡಿ ಒಂದು ಬೆರಳಷ್ಟು ಮೇಲೆ ಎತ್ತಿದರು.

ಹೋಮದ ಹೊತ್ತಿಗೆ ನಾನು ಎಡಗೈ ಮುಂದೆ ಮಾಡಿದೆ. ಪುರೋಹಿತರು ನನ್ನ ಮುಖ ನೋಡಿದರು, ಕಾಸ್ಟ್ ನೋಡಿದರು. "ಬೆರಳು ಆಡುತ್ತೇನಪ್ಪಾ?" ಅಂದರು. ಆಡುತ್ತೆ ಅಂದೆ. "ಹಾಗಾದ್ರೆ ಎಡಗೈ ಯಾಕೆ? ಬಲಗೈಯಲ್ಲೇ ಚಿಟಿಕೆ ಚಿಟಿಕೆ ಹಾಕು. ಅಗ್ನಿ ಕಾಯ್ತಾನೆ." ಕಾಸ್ಟಿನಿಂದ ಆಚೆ ಬಂದಿದ್ದ ಬೆರಳ ತುದಿಯಲ್ಲಿ ಅರಳು ತೆಗೆದು ತಂಗಿಯ ಬೊಗಸೆಗೆ ಹಾಕುತ್ತಾ ಹೋದೆ. ಒಂದು ಬೊಗಸೆ ತುಂಬಲು ಎಷ್ಟು ಚಿಟಿಕೆ ಬೇಕು ಅಂತ ಮದುವೆಯಲ್ಲಿದ್ದವರೆಲ್ಲರಿಗೂ ಗೊತ್ತಾಯಿತು. ಗಂಡಿನ ಕಡೆಯವರು ಯಾರೋ "ಭಾವನವರು ಎಣಿಸಿ ಎಣಿಸಿ ಕೊಡ್ತಿದಾರೆ" ಅಂದರು, ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಬೊಗಸೆ ಹಿಡಿದ ಅವಳ ಕೈ ನೋವು ಬಂದಿರಬೇಕು, ಆದರೆ ಮೂರೂ ಸಲ ಪೂರ್ತಿ ತುಂಬೋವರೆಗೆ ಕೆಳಗೆ ಇಳಿಸಲಿಲ್ಲ.

*

ಮುಂದಿನ ಚಳಿಗಾಲ, 2024ರ ಜನವರಿ. ಮತ್ತೆ ಹೋಗೋದೋ ಬೇಡವೋ ಅಂತ ಎರಡು ತಿಂಗಳು ಯೋಚನೆ ಮಾಡಿ ಕೊನೆಗೆ ಬಾಡಿಗೆ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಬಿಳಿ ಗಡ್ಡದ ಅಜ್ಜ ನನ್ನ ಎತ್ತರದ ಕಡೆ ನೋಡಲೇ ಇಲ್ಲ. "ತೂಕ ಎಷ್ಟು? ನಿಜವಾದ್ದು ಹೇಳಿ" ಅಂದ. ಮದುವೆ ಊಟದ ಕೃಪೆಯಿಂದ 64 ಆಗಿತ್ತು, ಹಾಗೇ ಬರೆದೆ. ಎಷ್ಟು ಬರುತ್ತೆ ಅನ್ನೋ ಕಡೆ 'ಹೊಸಬ' ಅಂತ ಗುರುತು ಹಾಕಿದೆ. ಹಿಂದೆ ಜನ ನಿಂತಿದ್ದರು, ನಿಂತಿರಲಿ.

ಪಕ್ಕದ ಕೌಂಟರಿನಲ್ಲಿ ಒಬ್ಬ ತಾಯಿ ಏಳೆಂಟು ವರ್ಷದ ಮಗನಿಗೆ ಬೋರ್ಡ್ ನೋಡುತ್ತಿದ್ದರು. "ಇನ್ನೊಂದು ಸ್ವಲ್ಪ ಉದ್ದದ್ದು ಕೊಡಿ, ಮುಂದಿನ ವರ್ಷಕ್ಕೂ ಆಗಲಿ." ಅಂಗಡಿಯ ಹುಡುಗಿ ಬೇಡ ಅಂದಳು. ಬೆಳೆಯೋ ಮಕ್ಕಳಿಗೆ ಅಂತ ಇಡೀ ಸೀಸನ್ನಿಗೆ ಬಾಡಿಗೆಗೆ ಕೊಡ್ತೀವಿ, ಮುಂದಿನ ವರ್ಷ ಇದನ್ನ ವಾಪಸ್ ಕೊಟ್ಟು ದೊಡ್ಡದು ತಗೊಂಡು ಹೋಗಿ, ಅಳತೆಯದ್ದರಲ್ಲೇ ಕಲಿಯಲಿ ಅಂದಳು. ಹುಡುಗನ ಮುಖ ನೋಡಿದೆ. ಅವನಿಗೆ ಯಾವುದಾದರೂ ಸರಿ, ಬೇಗ ಹೋಗಬೇಕಿತ್ತು.

ನನಗೆ ಅಜ್ಜ ಕೊಟ್ಟಿದ್ದು 149. ಗಲ್ಲಕ್ಕಿಂತ ಸ್ವಲ್ಪ ಮೇಲೆ ಬಂತು. ಮೊದಲನೇ ಗಂಟೆ ಭಯದಲ್ಲೇ ಹೋಯಿತು, ಮಣಿಕಟ್ಟಿಗೆ ಗಾರ್ಡ್ ಹಾಕಿದ್ದರೂ ಬಲಗೈಯನ್ನ ಎದೆಗೆ ಒತ್ತಿಕೊಂಡೇ ಇಳಿದೆ. ಆಮೇಲೆ ಒಂದು ಸಲ ಹಿಮ್ಮಡಿಯ ಕಡೆಗೆ ಹಾಗೇ ವಾಲಿದೆ, ಬೋರ್ಡ್ ತಿರುಗಿತು. ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ. ಇನ್ನೊಂದು ಕಡೆಗೆ ವಾಲಿದೆ, ಮತ್ತೆ ತಿರುಗಿತು. ಕೆಳಗೆ ಬಂದು ತಿರುಗಿ ನೋಡಿದರೆ ಹಿಮದ ಮೇಲೆ ನನ್ನದೇ ಗೆರೆ, ಸೊಟ್ಟಸೊಟ್ಟ ಹಾವಿನ ಹಾಗೆ. ಫೋಟೋ ತೆಗೆದು ತಂಗಿಗೆ ಕಳಿಸಿದೆ. "ಕೈ ಇದೆಯಾ?" ಅಂತ ಉತ್ತರ ಬಂತು.

ಆ ವರ್ಷದ ಕೊನೆಗೆ ಒಂದು 151 ತಗೊಂಡೆ, ಹೊಸದೇ.

163 ಬಾಲ್ಕನಿಯಲ್ಲಿ ಉಳಿಯಿತು. ಮಾರಬಹುದಿತ್ತು. ಒಬ್ಬ ಹುಡುಗ ನೋಡಲೂ ಬಂದಿದ್ದ, ನನ್ನಷ್ಟೇ ಕಡ್ಡಿ. "ಸ್ವಲ್ಪ ಉದ್ದ, ಆದ್ರೆ ಅಡ್ಜಸ್ಟ್ ಆಗುತ್ತೆ ಅಲ್ವಾ?" ಅಂದ. ಕೊಡಲಿಲ್ಲ.

ಮೊನ್ನೆ 2025ರ ಜುಲೈನಲ್ಲಿ ಅಮ್ಮ-ಅಪ್ಪ ಇಲ್ಲಿಗೆ ಬಂದಿದ್ದರು. ಅಮ್ಮ ಬಾಲ್ಕನಿಯಲ್ಲಿ ಅದನ್ನ ನೋಡಿ "ಇದೇನಾ ಅದು?" ಅಂದಳು. ಹೂಂ ಅಂದೆ. ತಮಾಷೆಗೆ "ಎಲ್ಲ ನಿನ್ನಿಂದಲೇ, ಚಿಕ್ಕಂದಿನಿಂದ ಎಲ್ಲಾನೂ ಒಂದು ಸೈಜು ದೊಡ್ಡದು ಕೊಡಿಸಿ ಅಭ್ಯಾಸ ಮಾಡಿಸಿದೆ" ಅಂದುಬಿಟ್ಟೆ.

ಅಮ್ಮ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಬೋರ್ಡಿನ ಧೂಳನ್ನ ಸೆರಗಿನಲ್ಲಿ ಒರೆಸುತ್ತಾ, "ನೀನು ಬೆಳೀತೀಯ ಅಂತ ಅಲ್ಲ ಕಣೋ. ಮುಂದಿನ ಜೂನ್‌ಗೆ ಕೈಯಲ್ಲಿ ದುಡ್ಡು ಇರುತ್ತೋ ಇಲ್ವೋ ಅಂತ. ಟೈಲರ್ ಮುಂದೆ ಹಂಗೆ ಹೇಳೋಕಾಗುತ್ತಾ?" ಅಂದಳು.

ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ.

ಮಾರನೇ ದಿನ ಆಫೀಸಿನಿಂದ ಬರೋ ಹೊತ್ತಿಗೆ ಬಾಲ್ಕನಿಯಲ್ಲಿ ಎರಡು ಕುರ್ಚಿಯ ಮೇಲೆ 163 ಅಡ್ಡಡ್ಡ ಮಲಗಿತ್ತು. ಬೈಂಡಿಂಗ್‌ಗಳನ್ನ ಅಪ್ಪ ಸ್ಕ್ರೂಡ್ರೈವರ್ ಹುಡುಕಿ ಬಿಚ್ಚಿದ್ದರು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಾಲುಸಾಲಾಗಿ ಅರಳು ಸಂಡಿಗೆ. ಊರಿಂದ ತಂದ ಅರಳು, ಇಲ್ಲಿನ ಇಂಡಿಯನ್ ಸ್ಟೋರಿನ ಬೂದುಗುಂಬಳ. ಸಿಯಾಟಲ್‌ನಲ್ಲಿ ವರ್ಷಕ್ಕೆ ಬಿಸಿಲು ಗ್ಯಾರಂಟಿ ಇರೋದು ಜುಲೈ, ಆಗಸ್ಟ್ ಎರಡೇ ತಿಂಗಳು, ಅದು ಬಂದ ವಾರಕ್ಕೇ ಅಮ್ಮನಿಗೆ ಗೊತ್ತಾಗಿತ್ತು.

"ನಡುವೆ ಸ್ವಲ್ಪ ಉಬ್ಬಿದೆ, ಆದ್ರೂ ನಿಲ್ಲುತ್ತೆ" ಅಂದಳು. "ಒಳ್ಳೇ ಉದ್ದ ಇದೆ ಕಣೋ. ಇನ್ನೂ ಚಿಕ್ಕದಿದ್ದಿದ್ರೆ ಸಾಲ್ತಿರ್ಲಿಲ್ಲ."

ಅವರು ವಾಪಸ್ ಹೋಗಿ ತಿಂಗಳುಗಳಾದವು. ಸಂಡಿಗೆ ಡಬ್ಬಿಯಲ್ಲಿ ಇನ್ನೂ ಕಾಲು ಭಾಗ ಇದೆ. ಬೆಟ್ಟದಿಂದ ನೆನೆದು ಬಂದ ದಿನ ಸಾರು ಅನ್ನಕ್ಕೆ ನಾಲ್ಕು ಕರಿದುಕೊಳ್ತೀನಿ. ಎಣಿಸಿ ಎಣಿಸಿ.